ಗಜನಿಯ ಬಾಗಿಲಲ್ಲಿ ಲಾಂದ್ರ

(ಅಂಕೋಲೆಯಲ್ಲಿ ಕೊಟ್ಟ ದತ್ತಿ ಉಪನ್ಯಾಸದ ಬರಹರೂಪ)

ಕಾರವಾರದಿಂದ ಮಧ್ಯಾಹ್ನದ ಬಸ್ಸು ಹಿಡಿದು ಬಂದಿರುವ ವಿದ್ಯಾರ್ಥಿಗಳೇ, ಮೊದಲ ಸಾಲಿನಲ್ಲಿ ಕುಳಿತು ಈಗಲೇ ಗಡಿಯಾರ ನೋಡುತ್ತಿರುವ ನನ್ನ ಹಳೆಯ ಮಾಸ್ತರರೇ,

ವಿಷಯ ಏನೆಂದು ಸಂಘಟಕರು ಫೋನಿನಲ್ಲಿ ಕೇಳಿದಾಗ, ‘ನ್ಯಾನೋರಂಧ್ರದಲ್ಲಿ ಹಾದುಹೋಗುವ ಒಂಟಿ ಅಣುವನ್ನು ವಿದ್ಯುತ್ತಿನಿಂದಲೂ ಬೆಳಕಿನಿಂದಲೂ ಒಟ್ಟಿಗೇ ಗುರುತಿಸುವುದು’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಸ್ವಲ್ಪ ನಮ್ಮ ಊರಿಗೆ ಹತ್ತಿರದ್ದು ಏನಾದ್ರೂ ಇದ್ರೆ...’ ಎಂದರು. ಇದು ಗಜನಿ ಬಾಗಿಲಿನದೇ ಕತೆ ಎಂದು ಹೇಳಿ ಫೋನಿಟ್ಟೆ. ಕೊಟ್ಟ ಮಾತು ಉಳಿಸಿಕೊಳ್ಳುವ ಪಾಡು ಈಗ ನನ್ನದು.

ಈ ಸಭೆಯ ಅರ್ಧಕ್ಕರ್ಧ ಜನರಿಗೆ ಗಜನಿ ಎಂದರೇನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಹೊಳೆ ಸಮುದ್ರ ಸೇರುವ ಅಳಿವೆಯ ಮಗ್ಗುಲಲ್ಲಿ ಒಡ್ಡು ಕಟ್ಟಿ, ಉಪ್ಪುನೀರನ್ನು ಅಂಕೆಯಲ್ಲಿಟ್ಟು ಕಗ್ಗ ಭತ್ತ ಬೆಳೆಯುವ ತಗ್ಗು ಗದ್ದೆ ಅದು. ಮಳೆಗಾಲದ ಬೆಳೆ ಕೊಯ್ದ ಮೇಲೆ ಒಡ್ಡಿನ ಹಲಗೆಬಾಗಿಲು ತೆಗೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜತೆ ಶೆಟ್ಲಿ ಅಂದರೆ ಸಿಗಡಿ, ಏಡಿ, ಕಾಗಳಸಿ ಮೀನಿನ ಮರಿ ಎಲ್ಲ ಬರುತ್ತವೆ. ಇಳಿತದ ಹೊತ್ತಿಗೆ ಅದೇ ಬಾಗಿಲಿಗೆ ಬಲೆಯ ಚೀಲ ಕಟ್ಟಿ, ರಾತ್ರಿಯಾದರೆ ಒಂದು ಲಾಂದ್ರ ತೂಗುಹಾಕಿ ಕೂತರಾಯಿತು.

ಗಂಗಾವಳಿ ದಂಡೆಯ ನಮ್ಮ ಬಾಗಿಲಲ್ಲಿ ಅಜ್ಜನ ಪಕ್ಕ ಹಾಗೆ ಎಷ್ಟೋ ರಾತ್ರಿ ಕೂತಿದ್ದೇನೆ. ಇಕ್ಕಟ್ಟಾದ ಬಾಗಿಲಲ್ಲಿ ನುಗ್ಗುವ ನೀರಿಗೆ ಒಂದೇ ಸಮನೆಯ ಶ್ರುತಿ ಇರುತ್ತದೆ. ಏನಾದರೂ ದೊಡ್ಡದು ಅಡ್ಡ ಬಂದರೆ ಆ ಶ್ರುತಿ ಒಂದು ಗಳಿಗೆ ಮುರಿಯುತ್ತದೆ. ನಾನು ಬಗ್ಗಿ ನೋಡಲು ಹೋದರೆ ಅಜ್ಜ ಅಂಗಿ ಹಿಡಿದು ಹಿಂದಕ್ಕೆಳೆಯುತ್ತಿದ್ದ: ‘ತಮಾ, ನೋಡುಕೆ ಹೋಗಬೇಡ, ಮೊದ್ಲು ನೀರಿನ ಸಪ್ಳ ಕೇಳು.’ ಸಪ್ಪಳದಿಂದ ಏನೋ ಹಾದುಹೋಯಿತು, ಎಷ್ಟು ದೊಡ್ಡದು, ಎಷ್ಟು ಹೊತ್ತು ಸಿಕ್ಕಿಕೊಂಡಿತ್ತು ಎಂಬುದು ಗೊತ್ತಾಗುತ್ತಿತ್ತು. ಅದು ಏಡಿಯೋ ಕಾಗಳಸಿಯೋ ತೆಂಗಿನ ಸೋಗೆಯ ತುಂಡೋ ಎಂದು ತಿಳಿಯಬೇಕಾದರೆ ಲಾಂದ್ರ ಬೇಕು.

ನನ್ನ ಇವತ್ತಿನ ವಿಷಯದಲ್ಲಿ ನೀರಿನ ಸಪ್ಪಳದ ಜಾಗದಲ್ಲಿ ವಿದ್ಯುತ್ ಪ್ರವಾಹ ಇದೆ, ಲಾಂದ್ರದ ಜಾಗದಲ್ಲಿ ಲೇಸರ್ ಇದೆ, ಬಾಗಿಲಿನ ಅಗಲ ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗದ ಆಸುಪಾಸು. ಉಪ್ಪುನೀರು ಮಾತ್ರ ಉಪ್ಪುನೀರೇ.

ಈ ವಿದ್ಯೆಯ ಮೂಲಪುರುಷ ಅಮೆರಿಕದ ವ್ಯಾಲೇಸ್ ಕೌಲ್ಟರ್. ರಕ್ತಕಣ ಎಣಿಸುವ ಸುಲಭ ಉಪಾಯ ಹುಡುಕುತ್ತಿದ್ದ ಅವರು ಸಿಗರೇಟು ಪ್ಯಾಕಿನ ತೆಳು ಹಾಳೆಗೆ ಕಾದ ಸೂಜಿಯಿಂದ ತೂತು ಮಾಡಿದರೆಂದು ಹೇಳುತ್ತಾರೆ. ತೂತಿನ ಎರಡೂ ಬದಿಗೆ ಉಪ್ಪುನೀರು, ನೀರಿನಲ್ಲಿ ವಿದ್ಯುತ್ತು. ಒಂದು ಕಣ ತೂತಿನೊಳಗೆ ಬಂದರೆ ಅದರ ಗಾತ್ರದಷ್ಟು ಉಪ್ಪುನೀರು ಅಲ್ಲಿಂದ ಪಕ್ಕಕ್ಕೆ ಸರಿಯುತ್ತದೆ, ಪ್ರವಾಹ ಅಷ್ಟು ಕುಗ್ಗುತ್ತದೆ. 1953ರಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು. ನೀವು ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿದಾಗ ಚೀಟಿಯ ಮೇಲೆ ಬರುವ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಸಂಖ್ಯೆಗಳ ಹಿಂದೆ ಇವತ್ತಿಗೂ ಬಹುಮಟ್ಟಿಗೆ ಇದೇ ತತ್ತ್ವ ಇದೆ. ಆ ಯಂತ್ರಗಳಲ್ಲಿ ಎಷ್ಟೋ ಮಾದರಿಗಳು ಈಗ ವಿದ್ಯುತ್ತಿನ ಜತೆಗೆ ಲೇಸರ್ ಬೆಳಕನ್ನೂ ಕಣಗಳ ಮೇಲೆ ಬಿಟ್ಟು, ಚೆದುರಿದ ಬೆಳಕು ನೋಡಿ ಬಿಳಿಕಣಗಳ ಜಾತಿ ಬೇರ್ಪಡಿಸುತ್ತವೆ. ಅಂದರೆ ಸಪ್ಪಳವನ್ನೂ ಲಾಂದ್ರವನ್ನೂ ಒಂದು ಮಾಡುವ ಕೆಲಸ ಜೀವಕೋಶದ ಮಟ್ಟದಲ್ಲಿ ಆಗಿಹೋಗಿದೆ. ಬಿಲ್ಲು ಕೊಟ್ಟು ಮನೆಗೆ ತರುವ ಚೀಟಿಯಲ್ಲಿ ಅದು ಇದೆ.

ಕೆಂಪುಕಣದ ಅಡ್ಡಳತೆ ಏಳೆಂಟು ಮೈಕ್ರೋಮೀಟರು. ಡಿಎನ್‌ಎ ಎಳೆಯ ದಪ್ಪ ಎರಡು ನ್ಯಾನೋಮೀಟರು, ಅಂದರೆ ಮೂರೂವರೆ ಸಾವಿರ ಪಟ್ಟು ಸಣ್ಣದು. ಅಂಥ ಬಾಗಿಲನ್ನು ಯಾವ ಸೂಜಿಯೂ ಕೊರೆಯಲಾರದು. 1989ರಲ್ಲಿ ಡೇವಿಡ್ ಡೀಮರ್ ಎಂಬ ವಿಜ್ಞಾನಿಗೆ ಕಾರು ಓಡಿಸುತ್ತಿದ್ದಾಗ ಒಂದು ಯೋಚನೆ ಹೊಳೆಯಿತು: ಪೊರೆಯಲ್ಲೊಂದು ತೂತು, ಅದರೊಳಗೆ ಎಳೆದ ಡಿಎನ್‌ಎ ಎಳೆ, ಒಂದೊಂದು ಅಕ್ಷರ ದಾಟುವಾಗಲೂ ಪ್ರವಾಹದಲ್ಲಿ ಒಂದೊಂದು ಬಗೆಯ ಏರಿಳಿತ. ಅದನ್ನು ನೋಟುಪುಸ್ತಕದಲ್ಲಿ ಬರೆದಿಟ್ಟರು. ತೂತು ಸಿಕ್ಕಿದ್ದು ಬ್ಯಾಕ್ಟೀರಿಯಾದಿಂದ. ನಮ್ಮ ಮೈಮೇಲೆ ಕುರು ಎಬ್ಬಿಸುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬುದು ಆಲ್ಫಾ ಹೀಮೋಲೈಸಿನ್ ಎಂಬ ವಿಷ ಕಾರುತ್ತದೆ. ಅದರ ಏಳು ತುಣುಕುಗಳು ವೃತ್ತವಾಗಿ ಜೋಡಿಕೊಂಡು ಜೀವಕೋಶದ ಪೊರೆಗೆ ರಂಧ್ರ ಕೊರೆಯುತ್ತವೆ, ಅತಿ ಇಕ್ಕಟ್ಟಾದ ಜಾಗದಲ್ಲಿ ಸುಮಾರು 1.4 ನ್ಯಾನೋಮೀಟರು. ಡಿಎನ್‌ಎಯ ಒಂಟಿ ಎಳೆ ಅದರಲ್ಲಿ ನುಸುಳುತ್ತದೆ, ಜೋಡಿ ಎಳೆ ನುಸುಳದು. 1996ರಲ್ಲಿ ಕಾಸಿಯಾನೋವಿಚ್, ಬ್ರಾಂಡಿನ್, ಬ್ರಾಂಟನ್ ಮತ್ತು ಡೀಮರ್ ಆ ರಂಧ್ರದಲ್ಲಿ ಒಂಟಿ ಎಳೆಗಳು ದಾಟುವುದನ್ನು ಪ್ರವಾಹದ ಕುಸಿತವಾಗಿ ದಾಖಲಿಸಿ ಪ್ರಕಟಿಸಿದರು. ಆಮೇಲೆ ಹಾರ್ವರ್ಡಿನಲ್ಲಿ 2001ರಲ್ಲಿ, ಡೆಲ್ಫ್ಟ್‌ನಲ್ಲಿ 2003ರಲ್ಲಿ ಸಿಲಿಕಾನ್ ಆಧಾರದ ಗಟ್ಟಿ ಪೊರೆಗಳಲ್ಲಿ ಅಯಾನು ಕಿರಣದಿಂದ, ಎಲೆಕ್ಟ್ರಾನ್ ಕಿರಣದಿಂದ ಬೇಕಾದ ಅಳತೆಯ ರಂಧ್ರ ಮಾಡುವುದನ್ನು ಕಲಿತರು.

ಇಲ್ಲಿ ಉಪ್ಪಿನ ಬಗ್ಗೆ ಒಂದು ಮಾತು ಆಡದಿದ್ದರೆ ಅಂಕೋಲೆಯಲ್ಲಿ ನಿಂತು ಮಾತಾಡಿದ್ದಕ್ಕೆ ಅರ್ಥವಿಲ್ಲ. 1930ರಲ್ಲಿ ಈ ಊರಿನ ಜನ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿ ಜೈಲಿಗೆ ಹೋದರು. ಪ್ರಯೋಗಾಲಯದವರು ಬಳಸುವುದು ಸಾಮಾನ್ಯವಾಗಿ ಬೇರೆ ಉಪ್ಪು, ಪೊಟ್ಯಾಸಿಯಂ ಕ್ಲೋರೈಡ್, ಲೀಟರಿಗೆ 75 ಗ್ರಾಂ ಆಸುಪಾಸು. ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳು ನೀರಿನಲ್ಲಿ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಚಲಿಸುತ್ತವೆ, ಒಂದು ಮುಂದೆ ಒಂದು ಹಿಂದೆ ಎಂಬ ತಕರಾರಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದೆ. ಆದ್ದರಿಂದ ಇಲ್ಲಿಯ ಕಡಲಿಗಿಂತ ಪ್ರಯೋಗಾಲಯದ ಲೋಟದ ನೀರೇ ಹೆಚ್ಚು ಉಪ್ಪು.

ಈಗ ಸ್ವಲ್ಪ ಲೆಕ್ಕ. ಮಾಸ್ತರರು ಕ್ಷಮಿಸಬೇಕು, ಬಾಯಿಲೆಕ್ಕವನ್ನೇ ಮಾಡುತ್ತೇನೆ. ಆ ಸಣ್ಣ ರಂಧ್ರದಲ್ಲಿ ಹರಿಯುವ ಪ್ರವಾಹ ಸುಮಾರು 100 ಪಿಕೋಆಂಪಿಯರು. ಅಯಾನುಗಳಲ್ಲಿ ಎಣಿಸಿದರೆ ಸೆಕೆಂಡಿಗೆ 60 ಕೋಟಿ. ಕೇಳಲಿಕ್ಕೆ ಜಾತ್ರೆಯೇ. ಆದರೆ ತಡೆಯಿಲ್ಲದೆ ಓಡುವ ಡಿಎನ್‌ಎಯ ಒಂದು ಅಕ್ಷರ ರಂಧ್ರದ ಕೊರಳಲ್ಲಿ ನಿಲ್ಲುವುದು ಒಂದೋ ಕೆಲವೋ ಮೈಕ್ರೋಸೆಕೆಂಡು. ಒಂದು ಮೈಕ್ರೋಸೆಕೆಂಡಿಗೆ 600 ಅಯಾನು. ಎಳೆ ಅಡ್ಡ ಇದ್ದಾಗ ಪ್ರವಾಹ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ, ಅಂದರೆ 60 ಅಯಾನು. 60ರ ಎಣಿಕೆಯಲ್ಲಿ ಏಳೆಂಟರ ಏರುಪೇರು ತಾನಾಗಿಯೇ ಇರುತ್ತದೆ. ನಾಲ್ಕು ಅಕ್ಷರಗಳ ನಡುವಿನ ವ್ಯತ್ಯಾಸ ಅದರೊಳಗೆ ಮುಳುಗಿಹೋಗುತ್ತದೆ. ಆಂಪ್ಲಿಫೈಯರ್ ಎಷ್ಟೇ ಒಳ್ಳೆಯದಾದರೂ ಬಾರದ ಅಯಾನನ್ನು ಅದು ಎಣಿಸಲಾರದು.

ಈ ತೊಡಕನ್ನು ಆಕ್ಸ್‌ಫರ್ಡ್ ನ್ಯಾನೋಪೋರ್ ಕಂಪನಿ ದಾಟಿದ್ದು ಎಳೆಯ ಓಟಕ್ಕೆ ಕಡಿವಾಣ ಹಾಕಿ. ಒಂದು ಕಿಣ್ವವನ್ನು ಬಾಗಿಲ ಮೇಲೆ ಕಾವಲು ಕೂರಿಸಿದರು, ಅದು ಎಳೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡುತ್ತದೆ. 2014ರಿಂದ ಸಂಶೋಧಕರ ಕೈಗೆ ಬಂದ ಅವರ ಮಿನಿಯಾನ್ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು, ತೂಕ ನೂರು ಗ್ರಾಂ ಆಸುಪಾಸು. ಕೊರೋನಾದ ಮೊದಲ ವರ್ಷ 2020ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ವೈರಾಣು ತಜ್ಞರು ಕರ್ನಾಟಕದ ರೋಗಿಗಳ ಮಾದರಿಯಿಂದ ವೈರಾಣುವಿನ ಜೀನೋಮು ಓದಿದ್ದು ಇಂಥ ರಂಧ್ರದ ಯಂತ್ರದಲ್ಲಿಯೇ. ಅದರಲ್ಲಿ ಬೆಳಕಿಗೆ ಕೆಲಸವಿಲ್ಲ, ಬರೀ ಸಪ್ಪಳ. ಇನ್ನೊಂದು ಕಡೆ ಪೆಸಿಫಿಕ್ ಬಯೋಸೈನ್ಸಸ್ ಕಂಪನಿಯ ಯಂತ್ರ ಬರೀ ಲಾಂದ್ರದ್ದು: ಲೋಹದ ಹಾಳೆಯ ನ್ಯಾನೋಗುಳಿಗಳಲ್ಲಿ ಬಣ್ಣದ ಮಿಂಚು ನೋಡಿ ಡಿಎನ್‌ಎ ಓದುತ್ತದೆ. ಕಿವಿಯವರೂ ಕಣ್ಣಿನವರೂ ಬೇರೆಬೇರೆ ಅಂಗಡಿ ಹಾಕಿ ಚೆನ್ನಾಗಿಯೇ ಇದ್ದಾರೆ. ಹಾಗಿರುವಾಗ ಇಬ್ಬರನ್ನೂ ಒಂದೇ ಸೂರಿನಡಿ ತರುವ ಉಸಾಬರಿ ಯಾಕೆ ಎಂದು ನೀವು ಕೇಳಬಹುದು.

ಅದಕ್ಕೆ ಉತ್ತರ ಕೊಡುವ ಮೊದಲು ಈ ತಾಲ್ಲೂಕಿನ ಯಾರೂ ಮರೆಯದ ಒಂದು ದಿನವನ್ನು ನೆನೆಯಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕೆಂಪು ಕೆಸರಾಗಿ ಭೋರ್ಗರೆಯುತ್ತಿದ್ದ ಗಂಗಾವಳಿಯಲ್ಲಿ, ಮಣ್ಣಿನ ಜತೆ ಕೊಚ್ಚಿಹೋದ ಲಾರಿಗಾಗಿ, ಮನುಷ್ಯರಿಗಾಗಿ ಹುಡುಕಾಟ ನಡೆಯಿತು. ಕಾರವಾರದ ನೌಕಾನೆಲೆಯ ಮುಳುಗುಗಾರರು ಬಂದರು, ರಾಡಾರ್ ಬಂತು, ಸೋನಾರ್ ಬಂತು, ಲೋಹ ಪತ್ತೆಯ ಯಂತ್ರಗಳು ಬಂದವು. ‘ಇಲ್ಲಿ ಏನೋ ಇದೆ’ ಎಂಬ ಸಂಕೇತ ಮತ್ತೆ ಮತ್ತೆ ಸಿಕ್ಕಿತು. ಅದು ಏನು ಎಂಬುದನ್ನು ಕಣ್ಣಿನಿಂದ ಕಂಡು ಹೇಳಲು ಆ ನೀರು ಬಿಡಲಿಲ್ಲ. ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನ ದಂಡೆಯಲ್ಲಿ ಕಾದವರ ನೋವನ್ನು ಒಂದು ಭೌತಶಾಸ್ತ್ರದ ಉಪನ್ಯಾಸಕ್ಕೆ ಉದಾಹರಣೆಯಾಗಿ ತರಲು ನನಗೆ ಸಂಕೋಚವಿದೆ. ಆದರೆ ‘ಏನೋ ಇದೆ’ ಎನ್ನುವುದಕ್ಕೂ ‘ಇಂಥದ್ದು ಇದೆ’ ಎನ್ನುವುದಕ್ಕೂ ನಡುವೆ ಎಷ್ಟು ದೂರವಿರಬಹುದು ಎಂಬುದನ್ನು ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಡಿಎನ್‌ಎ ವಿಷಯದಲ್ಲಿ ಆ ದೂರ ಅಷ್ಟಾಗಿ ಕಾಡುವುದಿಲ್ಲ. ಅಕ್ಷರ ನಾಲ್ಕೇ, ಎಳೆಯುದ್ದಕ್ಕೂ ವಿದ್ಯುದಂಶ ಒಂದೇ ಸಮ. ಮಾದರಿ ಕಡಿಮೆಯಿದ್ದರೆ ಪಿಸಿಆರ್ ಮಾಡಿ ಒಂದನ್ನು ಕೋಟಿ ಮಾಡಬಹುದು. ಪ್ರೋಟೀನಿನ ವಿಷಯಕ್ಕೆ ಬಂದಾಗ ಈ ಮೂರೂ ಅನುಕೂಲ ಕೈಬಿಡುತ್ತವೆ. ಅಕ್ಷರಗಳು, ಅಂದರೆ ಅಮೈನೋ ಆಮ್ಲಗಳು, 20, ಕೆಲವಕ್ಕೆ ಧನ ವಿದ್ಯುದಂಶ, ಕೆಲವಕ್ಕೆ ಋಣ, ಬಹಳಷ್ಟಕ್ಕೆ ಯಾವುದೂ ಇಲ್ಲ. ಎಳೆ ನೂಲಿನುಂಡೆಯಂತೆ ಮಡಚಿಕೊಂಡಿರುತ್ತದೆ. ಮೇಲಾಗಿ ಪ್ರೋಟೀನಿಗೆ ಪಿಸಿಆರ್ ಇಲ್ಲ. ಇದ್ದಷ್ಟನ್ನೇ ಎಣಿಸಬೇಕು. ನಮ್ಮ ಜಿಲ್ಲೆಯ ಸಿದ್ದಾಪುರ, ಹೊನ್ನಾವರದ ಕಾಡಂಚಿನವರಿಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ವೈರಾಣು ಅದು. ಅದರ ಆರ್‌ಎನ್‌ಎಯನ್ನು ನಕಲು ಮಾಡಿ ಪತ್ತೆ ಹಚ್ಚುತ್ತಾರೆ. ರೋಗಿಯ ರಕ್ತದಲ್ಲಿ ಮೊದಲ ದಿನ ತಲೆಯೆತ್ತುವ ಒಂದು ಅಪರೂಪದ ಪ್ರೋಟೀನನ್ನು ಹಾಗೆ ನಕಲು ಮಾಡಲು ಬರುವುದಿಲ್ಲ. ಬಾಗಿಲಲ್ಲಿ ಒಂದೊಂದನ್ನೇ ಹಿಡಿದು ಗುರುತಿಸುವುದೇ ದಾರಿ. ಒಂದೇ ಗಾತ್ರದ ಎರಡು ಪ್ರೋಟೀನು ಬಂದರೆ ಸಪ್ಪಳ ಒಂದೇ ಥರ, ಅಲ್ಲಿ ಲಾಂದ್ರ ಬೇಕೇ ಬೇಕು.

ಹಾಗಾದರೆ ಹಚ್ಚಿಬಿಡಿ ಎನ್ನಬೇಡಿ. ಈ ಲಾಂದ್ರದ ಕಷ್ಟ ದೊಡ್ಡದು. ಎಲ್ಲವನ್ನೂ ನೂರು ಕೋಟಿ ಪಟ್ಟು ಹಿಗ್ಗಿಸಿ ನೋಡೋಣ, ನ್ಯಾನೋಮೀಟರು ಮೀಟರಾಗಲಿ. ಆಗ ರಂಧ್ರ ನಮ್ಮ ಗಜನಿಯ ಬಾಗಿಲಷ್ಟಾಗುತ್ತದೆ, ಒಂದೂವರೆ ಮೀಟರು. ಪ್ರಯೋಗಗಳಲ್ಲಿ ಬಹಳ ಬಳಸುವ ಲ್ಯಾಂಬ್ಡಾ ವೈರಾಣುವಿನ ಡಿಎನ್‌ಎಯಲ್ಲಿ 48,502 ಅಕ್ಷರ ಜೋಡಿಗಳಿವೆ. ಅದು ಎರಡು ಮೀಟರು ದಪ್ಪದ ಹಗ್ಗವಾಗಿ ಇಲ್ಲಿಂದ ಕಾರವಾರದ ಅರ್ಧ ದಾರಿಯವರೆಗೆ ಚಾಚಿಕೊಳ್ಳುತ್ತದೆ. ಸ್ವಲ್ಪ ಅಗಲವಾದ ಗಟ್ಟಿ ಪೊರೆಯ ಬಾಗಿಲಲ್ಲಿ ಆ ಇಡೀ ಹಗ್ಗ ಒಂದೆರಡು ಮಿಲಿಸೆಕೆಂಡಿನಲ್ಲಿ ಸರಕ್ಕನೆ ದಾಟಿಬಿಡುತ್ತದೆ. ಈಗ ಬೆಳಕು. ಬೆಳಕನ್ನು ಅದರ ತರಂಗಾಂತರದ ಸುಮಾರು ಅರ್ಧಕ್ಕಿಂತ ಸಣ್ಣ ಚುಕ್ಕೆಗೆ ಕೂಡಿಸಲು ಮಸೂರದಿಂದ ಸಾಧ್ಯವಿಲ್ಲ ಎಂದು 1873ರಲ್ಲಿಯೇ ಅರ್ನ್ಸ್ಟ್ ಅಬೆ ತೋರಿಸಿದ್ದರು. ನಮ್ಮ ಹಿಗ್ಗಿದ ಲೋಕದಲ್ಲಿ ಆ ಚುಕ್ಕೆಯ ಅಗಲ ಕಾಲು ಕಿಲೋಮೀಟರು! ಬಾಗಿಲು ನೋಡಲು ಹಚ್ಚಿದ ದೀಪ ಇಡೀ ಗಜನಿಯನ್ನು ಬೆಳಗಿಸಿದರೆ, ಬಾಗಿಲಲ್ಲಿರುವ ಶೆಟ್ಲಿಯನ್ನೂ ಹೊರಗೆ ಸುಮ್ಮನೆ ತಿರುಗುವ ನೂರು ಶೆಟ್ಲಿಯನ್ನೂ ಬೇರ್ಪಡಿಸುವುದು ಹೇಗೆ?

ಹಲವರು ಹಲವು ಉಪಾಯ ಹೂಡಿದರು. ಬಾಸ್ಟನ್ನಿನಲ್ಲಿದ್ದು ಆಮೇಲೆ ಇಸ್ರೇಲಿನ ಟೆಕ್ನಿಯಾನ್ ಸೇರಿದ ಅಮಿತ್ ಮೆಲ್ಲರ್ ಅವರ ತಂಡದ 2010ರ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ಡಿಎನ್‌ಎ ಎಳೆಗೆ ಬಣ್ಣದ ತುಣುಕುಗಳನ್ನು ಅಂಟಿಸುತ್ತಾರೆ, ಪ್ರತಿ ತುಣುಕಿನ ಪಕ್ಕದಲ್ಲಿ ಅದರ ಬೆಳಕು ನುಂಗುವ ಇನ್ನೊಂದು ಅಣು ಇರುತ್ತದೆ. ಹೊರಗೆ ಇರುವಷ್ಟು ಹೊತ್ತು ಎಲ್ಲ ಕತ್ತಲೆ. ರಂಧ್ರದ ಬಾಯಲ್ಲಿ ಎಳೆ ಒಳಗೆ ಜಗ್ಗಿದಾಗ ತುಣುಕು ಕಿತ್ತು ಬರುತ್ತದೆ, ಪಕ್ಕದವನ ಹಿಡಿತ ತಪ್ಪಿ ಒಂದು ಗಳಿಗೆ ಮಿನುಗುತ್ತದೆ. ಬಾಗಿಲಿಗೆ ಬಂದ ಮೀನು ಮಾತ್ರ ತಾನೇ ದೀಪ ಹಚ್ಚಿಕೊಂಡ ಹಾಗೆ. ಆಕ್ಸ್‌ಫರ್ಡಿನ ಮಾರ್ಕ್ ವ್ಯಾಲೇಸ್ ಮತ್ತವರ ಸಂಗಡಿಗರು 2015ರಲ್ಲಿ ಬೇರೆ ದಾರಿ ಹಿಡಿದರು. ರಂಧ್ರದ ಮೂಲಕ ಹರಿಯುವ ಕ್ಯಾಲ್ಸಿಯಂ ಅಯಾನುಗಳು ಆಚೆ ಬದಿಯ ಬಣ್ಣಕ್ಕೆ ತಾಗಿ ಹೊಳೆಯುವಂತೆ ಮಾಡಿದರು. ರಂಧ್ರ ತೆರೆದಿದ್ದರೆ ಒಂದು ಚುಕ್ಕಿ ಬೆಳಕು, ಅಣು ಅಡ್ಡ ಬಂದರೆ ಚುಕ್ಕಿ ಮಂಕು. ಒಂದೊಂದು ರಂಧ್ರಕ್ಕೂ ತಂತಿ ಜೋಡಿಸುವ ಗೋಜಿಲ್ಲ, ಒಂದೇ ಕ್ಯಾಮೆರಾ ನೂರಾರು ಬಾಗಿಲನ್ನು ಒಟ್ಟಿಗೆ ನೋಡಬಹುದು. ಸಪ್ಪಳವನ್ನೇ ಬೆಳಕಾಗಿ ಮಾಡಿಕೊಂಡ ಜಾಣತನ ಇದು. ಆದರೆ ಅಲ್ಲಿ ಸಾಕ್ಷಿ ಒಬ್ಬನೇ, ವೇಷ ಮಾತ್ರ ಬೇರೆ ಎಂಬ ನನ್ನ ತಕರಾರು ಇದ್ದೇ ಇದೆ.

ಎರಡೂ ಸಾಕ್ಷಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಅವು ಒಂದಕ್ಕೊಂದು ಕಾಲು ತುಳಿಯುತ್ತವೆ. ಪಿಕೋಆಂಪಿಯರು ಅಳೆಯಬೇಕಾದರೆ ಇಡೀ ಸಾಮಾನನ್ನು ಲೋಹದ ಪೆಟ್ಟಿಗೆಯಲ್ಲಿ ಮುಚ್ಚಬೇಕು, ಇಲ್ಲದಿದ್ದರೆ ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ, ಪಕ್ಕದ ಕೋಣೆಯ ಫ್ಯಾನು, ಎಲ್ಲವೂ ದಾಖಲಾಗುತ್ತದೆ. ಬೆಳಕಿನವರಿಗೆ ಅದೇ ಪೆಟ್ಟಿಗೆಗೆ ಸೂಕ್ಷ್ಮದರ್ಶಕದ ಮೂತಿ ತೂರಿಸುವಷ್ಟು ಕಿಂಡಿ ಬೇಕು. ಲೇಸರ್ ಬಿದ್ದ ಕಡೆ ನೀರು ಬಿಸಿಯಾಗುತ್ತದೆ, ಒಂದು ಡಿಗ್ರಿ ಏರಿದರೆ ಉಪ್ಪುನೀರಿನ ವಾಹಕತೆ ಸುಮಾರು ಶೇಕಡ 2ರಷ್ಟು ಹೆಚ್ಚುತ್ತದೆ. ಅಣು ಬರದಿದ್ದರೂ ಪ್ರವಾಹ ಏರುತ್ತದೆ. ಸಿಲಿಕಾನ್ ನೈಟ್ರೈಡ್ ಪೊರೆ ವಿದ್ಯುತ್ತಿನವರಿಗೆ ಅಚ್ಚುಮೆಚ್ಚು, ಲೇಸರ್ ಬಿದ್ದರೆ ಅದು ತಾನೇ ಮಂದವಾಗಿ ಹೊಳೆದು ಬಣ್ಣದ ಅಣುವಿನ ಬೆಳಕನ್ನು ಮುಳುಗಿಸುತ್ತದೆ. ಬಣ್ಣದ ಅಣುವೂ ಚಿರಂಜೀವಿಯಲ್ಲ. ಒಂದಷ್ಟು ಲಕ್ಷ ಫೋಟಾನು ಉಗುಳಿ ಆರಿಹೋಗುತ್ತದೆ. ಇನ್ನು ಕಾಲದ ತಾಳಮೇಳ: ಆಂಪ್ಲಿಫೈಯರ್ ಸೆಕೆಂಡಿಗೆ 2.5 ಲಕ್ಷ ಸಲ ಅಳೆದರೆ, ಕ್ಯಾಮೆರಾ ಸಾವಿರ ಚಿತ್ರ ತೆಗೆದರೆ ಬಹಳ. ಒಂದು ಚಿತ್ರಕ್ಕೆ 250 ಅಳತೆ. ಎರಡಕ್ಕೂ ಒಂದೇ ಗಡಿಯಾರ ಕಟ್ಟದಿದ್ದರೆ ಯಾವ ಸಪ್ಪಳಕ್ಕೆ ಯಾವ ಮಿಂಚು ಎಂದು ಜೋಡಿಸುವುದು ಜಾತಕ ಕೂಡಿಸಿದಂತಾಗುತ್ತದೆ.

ಆದರೆ ತೊಂದರೆ ಕೊಡುವ ಬೆಳಕೇ ಕೆಲವೊಮ್ಮೆ ಕೈಜೋಡಿಸುತ್ತದೆ. 2013ರಲ್ಲಿ ಮೆಲ್ಲರ್ ತಂಡವೇ ಕಂಡದ್ದು: ರಂಧ್ರದ ಮೇಲೆ ಹಸಿರು ಲೇಸರ್ ಬಿಟ್ಟರೆ ಪೊರೆಯ ಮೇಲ್ಮೈಯ ವಿದ್ಯುದಂಶ ಬದಲಾಗುತ್ತದೆ, ರಂಧ್ರದಲ್ಲಿ ಎದುರು ದಿಕ್ಕಿಗೆ ನೀರಿನ ಸೆಳೆತ ಹುಟ್ಟುತ್ತದೆ, ಡಿಎನ್‌ಎ ನಿಧಾನವಾಗುತ್ತದೆ. ನೋಡಲೆಂದು ಹಚ್ಚಿದ ಲಾಂದ್ರ ಮೀನಿನ ಓಟವನ್ನೂ ತಡೆದ ಹಾಗೆ. ಅದೇ ತಂಡ 2019ರಲ್ಲಿ ಗಣಕದ ಮೇಲೆ ಒಂದು ಲೆಕ್ಕ ಹಾಕಿತು: 20 ಅಮೈನೋ ಆಮ್ಲಗಳಲ್ಲಿ ಲೈಸಿನ್, ಸಿಸ್ಟೀನ್, ಮೆಥಿಯೋನಿನ್ ಈ ಮೂರಕ್ಕೆ ಮಾತ್ರ ಮೂರು ಬಣ್ಣ ಬಳಿದು ರಂಧ್ರದಲ್ಲಿ ಬಿಟ್ಟರೂ, ಮನುಷ್ಯನ ಪ್ರೋಟೀನುಗಳಲ್ಲಿ ಬಹುಪಾಲನ್ನು ಗುರುತಿಸಬಹುದು ಎಂದು. ಎಲ್ಲ ಅಕ್ಷರ ಓದಬೇಕಿಲ್ಲ, ಮೂರು ಅಕ್ಷರ ಎಲ್ಲೆಲ್ಲಿ ಬರುತ್ತವೆ ಎಂದು ತಿಳಿದರೆ ಹೆಸರು ಊಹಿಸಬಹುದು. ಅದು ಗಣಕದ ಲೆಕ್ಕ ಎಂಬುದನ್ನು ಮರೆಯದೆ ಈ ಮಾತು ಕೇಳಿ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಪ್ರೊ. ಮನೋಜ್ ವರ್ಮಾ ಅವರ ಪ್ರಯೋಗಾಲಯ ಗಟ್ಟಿ ಪೊರೆಯ ನ್ಯಾನೋರಂಧ್ರಗಳ ಮೇಲೆ ಕೆಲಸ ಮಾಡುತ್ತಿದೆ. ಬೆಳಕಿನ ಸಂವೇದಕಗಳೂ ಅವರ ಕೈಯಲ್ಲಿ ಪಳಗಿದ ವಿದ್ಯೆ. ಅದೇ ಸಂಸ್ಥೆಯ ಭೌತಶಾಸ್ತ್ರ ವಿಭಾಗದಲ್ಲಿ ಪ್ರೊ. ಪ್ರಬಾಲ್ ಮೈತಿ ಅವರು ಡಿಎನ್‌ಎಯಿಂದಲೇ ಕಟ್ಟಿದ ರಂಧ್ರಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಗಣಕದಲ್ಲಿ ಪರಮಾಣು ಪರಮಾಣುವಾಗಿ ಆಡಿಸಿ ನೋಡುತ್ತಾರೆ. ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ಓದುತ್ತಿರುವ ಮಕ್ಕಳು ಇದನ್ನು ಬೆಂಗಳೂರಿನವರ ಆಟ ಎಂದು ಬಿಡಬೇಡಿ. ಕಾಳಿ ಅಳಿವೆಯ ಒಂದು ಬಾಟಲಿ ನೀರಿನಲ್ಲಿ ಅಲ್ಲಿ ಈಜಿಹೋದ ಮೀನುಗಳ ಡಿಎನ್‌ಎ ಚೂರುಗಳು ಇರುತ್ತವೆ. ಅಂಗೈಯಗಲದ ಯಂತ್ರದಲ್ಲಿ ಅದನ್ನು ಓದಬಹುದು. ಬಲೆ ಹಾಕದೆ ಮೀನು ಎಣಿಸುವ ಕಾಲಕ್ಕೆ ನೀವು ಬಂದಿದ್ದೀರಿ.

ಕೊನೆಗೆ ಒಂದು ತಕರಾರು ದಾಖಲಿಸಿ ನಿಲ್ಲಿಸುತ್ತೇನೆ. ಎರಡೂ ಬಗೆಯ ಅಳತೆ ಒಟ್ಟಿಗೆ ಮಾಡಿದ ಪ್ರಯೋಗದ ಪರದೆ ನೋಡಿದರೆ ಮೇಲೆ ಪ್ರವಾಹದ ಗೆರೆ, ಕೆಳಗೆ ಬೆಳಕಿನ ಗೆರೆ. ಪ್ರವಾಹ ಕುಸಿದ ಗಳಿಗೆಯಲ್ಲಿಯೇ ಬೆಳಕು ಚಿಮ್ಮಿದ ಘಟನೆಗಳನ್ನು ಲೇಖನದ ಮೊದಲ ಚಿತ್ರವಾಗಿ ಹಾಕುತ್ತಾರೆ. ನೋಡಲು ಬಹಳ ಚೆಂದ. ಆದರೆ ಅದರ ಅಕ್ಕಪಕ್ಕ ಒಂಟಿ ಘಟನೆಗಳೂ ಬೇಕಾದಷ್ಟು ಇರುತ್ತವೆ. ಕುಸಿತ ಇದೆ, ಮಿಂಚಿಲ್ಲ: ಬಣ್ಣ ಅಂಟಿರಲಿಲ್ಲವೋ, ಆರಿಹೋಗಿತ್ತೋ, ಬೇರೆಯೇ ಅಣುವೋ? ಮಿಂಚಿದೆ, ಕುಸಿತವಿಲ್ಲ: ಬಾಗಿಲವರೆಗೆ ಬಂದು ಹಿಂದಿರುಗಿತೋ? ಅವನ್ನು ಎಷ್ಟು ಬಿಟ್ಟರು, ಯಾಕೆ ಬಿಟ್ಟರು ಎಂಬ ಲೆಕ್ಕವನ್ನು ಮೊದಲ ಚಿತ್ರದಷ್ಟೇ ದೊಡ್ಡದಾಗಿ ಅಚ್ಚು ಹಾಕಬೇಕು ಎಂಬುದು ನನ್ನ ವಾದ. ಸಮ್ಮೇಳನಗಳಲ್ಲಿ ಇದನ್ನು ಕೇಳಿ ಕೇಳಿ ನನ್ನ ಹೆಸರು ಸ್ವಲ್ಪ ಕೆಟ್ಟಿದೆ.

ಅಜ್ಜನ ಬಾಗಿಲಲ್ಲಿಯೂ ಹಾಗೆ ಆಗುತ್ತಿತ್ತು. ಸಪ್ಪಳ ಮುರಿಯಿತು, ಲಾಂದ್ರದಲ್ಲಿ ಏನೂ ಕಾಣಲಿಲ್ಲ. ‘ಏನದು ಅಜ್ಜಾ?’ ಎಂದರೆ ಅವನು ಹೆಸರು ಹೇಳುತ್ತಿರಲಿಲ್ಲ. ಒಡ್ಡಿನ ಮೇಲೆ ಒಂದು ಸಣ್ಣ ಕಲ್ಲು ಬೇರೆಯಾಗಿ ಇಡುತ್ತಿದ್ದ. ಇಳಿತ ಮುಗಿದು ಚೀಲ ಬಿಚ್ಚಿ ಸುರಿದ ಮೇಲೆ ಆ ಕಲ್ಲುಗಳನ್ನು ಎಣಿಸಿ, ಬುಟ್ಟಿಯಲ್ಲಿದ್ದುದನ್ನು ಎಣಿಸಿ, ಎರಡು ಕಡಿಮೆ ಬಿದ್ದರೆ ಬಲೆಯ ತಳ ಮುಟ್ಟಿ ನೋಡಿ ಹರಿದ ಜಾಗ ಹುಡುಕುತ್ತಿದ್ದ.

ಮಾಸ್ತರರು ಮೂರನೆಯ ಸಲ ಗಡಿಯಾರ ನೋಡಿದರು. ಪ್ರಶ್ನೆಗಳಿದ್ದರೆ ಕೇಳಿ.